ಉಂಡ ಮನೆಯ ಋಣ: ಪ್ರಸಾದನಿಲಯಗಳ ಇತಿಹಾಸದಲ್ಲಿ ವಿದ್ಯಾರ್ಥಿಯ ಕೃತಜ್ಞತೆ

ಕೊಡಗಿನ ದಕ್ಷಿಣ ಭಾಗದಲ್ಲಿ, ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ಹಾದಿಯಲ್ಲಿ ಬಿಟ್ಟಂಗಾಲವೆಂಬ ಊರಿದೆ. ಸುತ್ತಲೂ ಬತ್ತದ ಗದ್ದೆಗಳು, ಏರುಗಳ ಮೇಲೆ ಕಾಫಿಯ ತೋಟಗಳು. ಶಾಲೆಯ ವರ್ಷ ಮುಗಿಯುವ ಮಾರ್ಚ್-ಏಪ್ರಿಲ್ ತಿಂಗಳುಗಳೇ ಈ ಸೀಮೆಯಲ್ಲಿ ಹೂಮಳೆಯ ಕಾಲವೂ ಹೌದು. ಒಂದೆರಡು ಹದವಾದ ಮಳೆ ಬಿದ್ದೊಡನೆ ತೋಟವೆಲ್ಲ ಬೆಳ್ಳಗೆ ಅರಳಿ ನಿಲ್ಲುತ್ತದೆ. ಬೆಳೆಗಾರನ ಮುಂದಿನ ವರ್ಷದ ಭಾಗ್ಯ ಆ ಕೆಲವು ದಿನಗಳಲ್ಲಿ ನಿರ್ಧಾರವಾಗುತ್ತದೆ. ಪರೀಕ್ಷೆಗೆ ಕುಳಿತ ಬಾಲಕನ ಭಾಗ್ಯವೂ ಅದೇ ದಿನಗಳಲ್ಲಿ ನಿರ್ಧಾರವಾಗುವುದೊಂದು ಕಾಕತಾಳೀಯ. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಿಟ್ಟಂಗಾಲದಂತಹ ಹಳ್ಳಿಯ ಬಾಲಕನಿಗೆ ಪರೀಕ್ಷೆ ಮುಗಿದ ಮೇಲೆಯೇ ನಿಜವಾದ ಪ್ರಶ್ನೆ ಏಳುತ್ತಿತ್ತು. ಮುಂದಕ್ಕೆ ಓದುವುದೆಲ್ಲಿ? ಓದುವಾಗ ಉಣ್ಣುವುದೆಲ್ಲಿ?

1834ರಲ್ಲಿ ಹಾಲೇರಿ ಅರಸರ ಆಳ್ವಿಕೆ ಕೊನೆಗೊಂಡು ಕೊಡಗು ಬ್ರಿಟಿಷರ ವಶವಾದ ಮೇಲೆ ಇಲ್ಲಿ ಶಾಲೆಗಳೇನೋ ಬೆಳೆದವು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಕೀರ್ತಿ ದೊಡ್ಡದು. ಆದರೆ ಕಾಲೇಜೊಂದು ಕೊಡಗಿನಲ್ಲಿ ಆರಂಭವಾದುದು 1949ರಲ್ಲಿ, ಮಡಿಕೇರಿಯಲ್ಲಿ. ಅಲ್ಲಿಯವರೆಗೆ ಉಚ್ಚ ಶಿಕ್ಷಣಕ್ಕೆ ಮಂಗಳೂರಿಗೋ ಮೈಸೂರಿಗೋ ಬೆಂಗಳೂರಿಗೋ ಮದ್ರಾಸಿಗೋ ಹೋಗಲೇಬೇಕು. ಮುಂದೆ ಆ ಕಾಲೇಜಿಗೆ ಯಾರ ಹೆಸರನ್ನು ಇಡಲಾಯಿತೋ ಆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೇ ಮಡಿಕೇರಿಯಲ್ಲಿ ಹೈಸ್ಕೂಲು ಮುಗಿಸಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಬೇಕಾಯಿತು. ಅನುಕೂಲವುಳ್ಳ ಮನೆಯವರು ಹೀಗೆ ಹೋಗಬಲ್ಲರು. ಅನುಕೂಲವಿಲ್ಲದವರ ಗತಿಯೇನು? ಕೊಡಗಿನಲ್ಲಿ ಮಾತ್ರವಲ್ಲ, ಕನ್ನಡ ನಾಡಿನ ಎಲ್ಲ ಹಳ್ಳಿಗಳಲ್ಲಿಯೂ ಈ ಪ್ರಶ್ನೆಗೆ ದೊರೆತ ಉತ್ತರದ ಇತಿಹಾಸವೇ ಪ್ರಸಾದನಿಲಯಗಳ ಇತಿಹಾಸ. ವಿದ್ಯಾರ್ಥಿಯ ಕೃತಜ್ಞತೆ ಎಂಬ ಭಾವನೆ ಈ ನಾಡಿನಲ್ಲಿ ಯಾವ ರೂಪ ತಾಳಿತೆಂಬುದನ್ನು ಅಲ್ಲಿಯೇ ಹುಡುಕಬೇಕು.

ಪ್ರಸಾದನಿಲಯಗಳಿಗೆ ಮೊದಲು ಇದ್ದುದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಓದಿದವರ ಸಂಖ್ಯೆ ಅಪಾರ. ಈ ಪದ್ಧತಿಯನ್ನು ಹಗುರವಾಗಿ ಕಾಣುವುದು ಸಲ್ಲದು; ತಾನು ಅರೆಹೊಟ್ಟೆ ಉಂಡು ಪರರ ಮಗನಿಗೆ ಬಡಿಸಿದ ತಾಯಂದಿರು ಪ್ರತಿ ಊರಿನಲ್ಲಿಯೂ ಇದ್ದರು. ಆದರೂ ವಾರಾನ್ನದಲ್ಲಿ ಒಂದು ಮುಳ್ಳಿತ್ತು. ಉಣ್ಣುವವನು ಬಡಿಸುವವರ ಮುಖ ನೋಡಿಕೊಂಡು ಉಣ್ಣಬೇಕು. ಹೊತ್ತಿಗೆ ಸರಿಯಾಗಿ ಹೋದರೆ ಕಾದು ಕುಳಿತನೆಂಬ ಮಾತು, ತಡವಾಗಿ ಹೋದರೆ ತಣ್ಣಗಾದ ಅನ್ನ. ಯಜಮಾನರು ಊರಿಗೆ ಹೋಗಿದ್ದರೆ ಆ ದಿನ ಉಪವಾಸ. ಇಂತಹ ಸ್ಥಿತಿಯಲ್ಲಿ ಕೃತಜ್ಞತೆ ಹೃದಯದಿಂದ ತಾನಾಗಿ ಹೊಮ್ಮುವ ಭಾವವಾಗಿ ಉಳಿಯದೆ, ದಿನದಿನವೂ ಸಲ್ಲಿಸಬೇಕಾದ ಕಂದಾಯವಾಗಿಬಿಡುತ್ತದೆ. ಬಾಲ್ಯದಲ್ಲಿ ಏಳು ಮನೆಗಳ ಅನ್ನ ಉಂಡು ದೊಡ್ಡವರಾದವರು ಆ ಮನೆಗಳನ್ನು ಗೌರವದಿಂದ ನೆನೆದಿದ್ದಾರೆ, ನಿಜ. ಅದೇ ಉಸಿರಿನಲ್ಲಿ ಆ ಹೊಸ್ತಿಲುಗಳಲ್ಲಿ ನಿಂತ ಸಂಕೋಚವನ್ನೂ ನೆನೆದಿದ್ದಾರೆ. ಎರಡೂ ಸತ್ಯವೇ.

ಶರಣರ ದಾಸೋಹ ತತ್ತ್ವ ಈ ಮುಳ್ಳನ್ನು ಬಹು ಹಿಂದೆಯೇ ಗುರುತಿಸಿತ್ತು. ಕೊಡುವವನಲ್ಲಿ ಕೊಟ್ಟೆನೆಂಬ ಅಹಂಕಾರ ಉಳಿದರೆ ಅದು ದಾನವಾದೀತು, ದಾಸೋಹವಾಗಲಾರದು. ಪಡೆಯುವವನು ದೀನನಾಗಿ ಕೈಚಾಚಬೇಕಾಗಿ ಬಂದರೆ ದೊರೆತುದು ಅನ್ನವಾದೀತು, ಪ್ರಸಾದವಾಗಲಾರದು. ದಾಸೋಹವೆಂದಾಗ ಬಸವಣ್ಣನವರ ಮಹಾಮನೆಯ ವೈಭವವನ್ನು ನೆನೆಯುವವರು ಬಹಳ. ಆ ಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯನನ್ನೂ ಆತನ ಸತಿ ಲಕ್ಕಮ್ಮನನ್ನೂ ನೆನೆಯುವವರು ಕಡಿಮೆ. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಡೆದು, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಹೇಳಿದ ಲಕ್ಕಮ್ಮನ ನಿಲುವಿನಲ್ಲಿ ಪಡೆಯುವವರ ಧರ್ಮವೆಲ್ಲ ಅಡಗಿದೆ. ಬೇಕಾದಷ್ಟನ್ನೇ ತಲೆಯೆತ್ತಿ ತೆಗೆದುಕೊಳ್ಳುವುದು, ಮಿಕ್ಕುದು ಇನ್ನೊಬ್ಬರ ಪಾಲೆಂದು ತಿಳಿಯುವುದು. ವಿದ್ಯಾರ್ಥಿಯ ಕೃತಜ್ಞತೆಗೆ ಇದಕ್ಕಿಂತ ಹಿರಿಯ ಮಾದರಿಯನ್ನು ಬೇರೆಲ್ಲಿಯೋ ಹುಡುಕಬೇಕಾಗಿಲ್ಲ.

ಆಧುನಿಕ ಕಾಲದಲ್ಲಿ ಈ ತತ್ತ್ವ ಕಟ್ಟಡದ ರೂಪ ತಾಳಿದ ಪ್ರಸಂಗಗಳಲ್ಲಿ ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ ಮೊದಲ ಸಾಲಿನದು. ತುಮಕೂರು ಜಿಲ್ಲೆಯ ಗುಬ್ಬಿಯಿಂದ ಬಂದು ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದ ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಗಳಿಸಿದುದನ್ನು ಅವರು ರೈಲ್ವೆ ನಿಲ್ದಾಣದ ಸಮೀಪದಲ್ಲಿ ಪ್ರವಾಸಿಗಳಿಗಾಗಿ ಕಟ್ಟಿಸಿದ ಧರ್ಮಛತ್ರಕ್ಕೂ ಬಡ ವೀರಶೈವ ವಿದ್ಯಾರ್ಥಿಗಳ ಉಚಿತ ನಿಲಯಕ್ಕೂ ಧಾರೆಯೆರೆದರು. ಮೈಸೂರು ಅರಸರಿಂದ ಧರ್ಮಪ್ರವರ್ತ, ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಎಂಬ ಬಿರುದುಗಳು ಅವರಿಗೆ ಸಂದವು. ಆಸ್ತಿಯನ್ನೆಲ್ಲ ಒಂದು ಟ್ರಸ್ಟಿಗೆ ಒಪ್ಪಿಸಿ 1910ರಲ್ಲಿ ಅವರು ಲಿಂಗೈಕ್ಯರಾದರು. ಕೆ. ಪಿ. ಪುಟ್ಟಣ್ಣ ಚೆಟ್ಟರಂತಹ ದಕ್ಷ ಆಡಳಿತಗಾರರು ಆ ಧರ್ಮಕಾರ್ಯದ ಹೊಣೆ ಹೊತ್ತು ಅದನ್ನು ಸ್ಥಿರಗೊಳಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. 1910ರ ಅನಂತರ ಆ ನಿಲಯದಲ್ಲಿ ಉಂಡ ಯಾವ ವಿದ್ಯಾರ್ಥಿಯೂ ತೋಟದಪ್ಪನವರ ಮುಖವನ್ನು ಕಾಣಲಿಲ್ಲ. ವಾರಾನ್ನದ ಹುಡುಗನಿಗೆ ಧನ್ಯವಾದ ಹೇಳಲು ಏಳು ಮುಖಗಳಿದ್ದರೆ, ಇವನಿಗೆ ಗೋಡೆಯ ಮೇಲಿನ ಒಂದು ಭಾವಚಿತ್ರವಷ್ಟೆ. ಉಪಕರಿಸಿದವನು ಕೈಗೆ ಸಿಕ್ಕದಿದ್ದಾಗ ಉಪಕೃತನ ಋಣ ಎಲ್ಲಿಗೆ ಹೋಗಬೇಕು? ಹಿಂದಕ್ಕೆ ಹೋಗಲು ದಾರಿಯಿಲ್ಲವಾದುದರಿಂದ ಅದು ಮುಂದಕ್ಕೆ ಹರಿಯಬೇಕು. ಈ ಮಾತು ಕೇವಲ ತರ್ಕವಲ್ಲ. ಇದಕ್ಕೆ ಇತಿಹಾಸದ ಸಾಕ್ಷ್ಯವಿದೆ.

ಮಾಗಡಿ ತಾಲ್ಲೂಕಿನ ವೀರಾಪುರದ ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಕಿರಿಯ ಮಗ ಶಿವಣ್ಣ. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲಕನಿಗೆ ಆಸರೆಯಾದವರು ಅಕ್ಕ. ಆಕೆಯ ಊರಿನ ಕಡೆ, ನಾಗವಲ್ಲಿಯ ಶಾಲೆಯಲ್ಲಿ ಓದು ಮುಂದುವರಿಯಿತು. ಅನಂತರ ತುಮಕೂರಿನ ಸರ್ಕಾರಿ ಹೈಸ್ಕೂಲು. ಆ ಕಾಲದಲ್ಲಿ ಪ್ಲೇಗು ಮೈಸೂರು ಸೀಮೆಯ ಪಟ್ಟಣಗಳನ್ನು ಮತ್ತೆಮತ್ತೆ ಕಾಡುತ್ತಿತ್ತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ತುಮಕೂರಿಗೆ ಪ್ಲೇಗು ಬಂದಾಗ ಶಿವಣ್ಣ ಆಶ್ರಯ ಪಡೆದುದು ಊರಿಗೆ ಸಮೀಪದ ಸಿದ್ಧಗಂಗೆಯಲ್ಲಿ. ಅಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು 1917ರಲ್ಲಿಯೇ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿ ವಿದ್ಯಾರ್ಥಿಗಳಿಗೆ ಅನ್ನಾಶ್ರಯ ನೀಡುತ್ತಿದ್ದರು. ಮಠದ ಸಂಪತ್ತು ಆಗ ಹೇಳಿಕೊಳ್ಳುವಂತಹುದಲ್ಲ. ಬೆಟ್ಟದ ತಪ್ಪಲು, ಕಲ್ಲು ನೆಲ, ಮಳೆ ಬಂದರೆ ರಾಗಿ. 1926ರಲ್ಲಿ ಶಿವಣ್ಣ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಬೆಂಗಳೂರಿನಲ್ಲಿ ವಾಸಕ್ಕೆ ದೊರೆತ ಸ್ಥಳ ತೋಟದಪ್ಪನವರ ನಿಲಯ.

ಹೀಗೆ ಅಕ್ಕನ ಮನೆ, ಸಿದ್ಧಗಂಗೆಯ ಮಠ, ತೋಟದಪ್ಪನವರ ನಿಲಯ ಎಂಬ ಮೂರು ಮನೆಗಳ ಅನ್ನ ಈ ಒಬ್ಬ ವಿದ್ಯಾರ್ಥಿಯ ಓದಿನ ಹಿಂದಿದೆ. ರಜೆ ಬಂದಾಗ ಅವರು ಸಿದ್ಧಗಂಗೆಗೆ ಹೋಗಿಬರುತ್ತಿದ್ದರು. ವರ್ಷದ ಕೊನೆಯಲ್ಲಿ ಉಪಕಾರಿಗಳನ್ನು ಕಂಡು ನಮಸ್ಕರಿಸಿ ಬರುವುದು ಯಾವ ಸುಶೀಲ ವಿದ್ಯಾರ್ಥಿಯೂ ಮಾಡುವ ಕೆಲಸ; ಅಷ್ಟರಲ್ಲಿಯೇ ಮುಗಿದಿದ್ದರೆ ಈ ಕಥೆಯನ್ನು ಇಲ್ಲಿ ಹೇಳುವ ಕಾರಣವಿರಲಿಲ್ಲ. 1930ರ ಆರಂಭದಲ್ಲಿ ಮಠದ ಉತ್ತರಾಧಿಕಾರಿಗಳಾಗಿದ್ದ ಶ್ರೀ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದರು. ಅವರು ಶಿವಣ್ಣನವರಿಗೆ ಆತ್ಮೀಯರು. ಅಂತ್ಯವಿಧಿಗೆಂದು ಬಂದಿದ್ದ ಈ ಕಾಲೇಜು ತರುಣನ ಮೇಲೆ ಉದ್ದಾನ ಶಿವಯೋಗಿಗಳ ದೃಷ್ಟಿ ನಿಂತಿತು. ಮಠದ ಮುಂದಿನ ಹೊಣೆ ಈತನದೇ ಎಂದು ಸಾರಿಬಿಟ್ಟರು. ಅದೇ ವರ್ಷದ ಮಾರ್ಚ್ 3ರಂದು ವಿರಕ್ತಾಶ್ರಮ ದೀಕ್ಷೆಯಾಗಿ ಶಿವಣ್ಣ ಶ್ರೀ ಶಿವಕುಮಾರ ಸ್ವಾಮಿಗಳಾದರು.

ಭೌತಶಾಸ್ತ್ರ ಗಣಿತಶಾಸ್ತ್ರಗಳನ್ನು ಓದುತ್ತಿದ್ದ ತರುಣನಿಗೆ ಆ ಕಾಲದಲ್ಲಿ ಸರ್ಕಾರಿ ನೌಕರಿ ದುರ್ಲಭವಾಗಿರಲಿಲ್ಲ. ಕಷ್ಟಪಟ್ಟು ಓದಿಸಿದ ತಂದೆಯ ನಿರೀಕ್ಷೆಯೂ ಸಹಜವಾಗಿ ಆ ಕಡೆಗೇ ಇದ್ದಿರಬೇಕು. ಸಂಬಳದಲ್ಲಿ ಒಂದು ಪಾಲನ್ನು ವರ್ಷವರ್ಷವೂ ಮಠಕ್ಕೆ ಕಳುಹಿಸಿದ್ದರೂ ಲೋಕ ಅದನ್ನು ಕೃತಜ್ಞತೆಯೆಂದೇ ಕರೆಯುತ್ತಿತ್ತು. ಇಲ್ಲಿ ನಡೆದುದು ಬೇರೆ. ತಾನು ಉಂಡ ಪಂಕ್ತಿಯ ಬಡಿಸುವ ಕಡೆಗೆ ಬಂದು ನಿಲ್ಲುವುದು, ಜೀವಮಾನವೆಲ್ಲ ಅಲ್ಲಿಯೇ ನಿಲ್ಲುವುದು. 1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದಾಗ ಸಮಗ್ರ ಭಾರ ಶ್ರೀಗಳವರ ಮೇಲೆ ಬಿತ್ತು. ಯುದ್ಧಕಾಲದ ಅಭಾವ, ಧಾನ್ಯದ ಪಡಿತರ, ಜೊತೆಗೆ ವರ್ಷವರ್ಷವೂ ಬಾಗಿಲಿಗೆ ಬಂದು ನಿಲ್ಲುವ ಹೊಸ ಮಕ್ಕಳು.

ಆ ಮಕ್ಕಳಿಗೆ ಅನ್ನ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಚರಿತ್ರಕಾರರು ಸಾಕಷ್ಟು ಕೇಳಿಲ್ಲವೆನ್ನಬೇಕು. ಸ್ವಾಮಿಗಳವರು ಹಳ್ಳಿಹಳ್ಳಿಗೆ ಭಿಕ್ಷೆಗೆ ಹೋದರು. ಹಳ್ಳಿಯ ರೈತ ಕಣದಲ್ಲಿ ರಾಶಿ ಮಾಡಿದಾಗ ಮಠದ ಪಾಲೆಂದು ಒಂದು ಮೂಟೆಯನ್ನು ಬೇರೆ ಇಟ್ಟ. ರಾಗಿ, ಅವರೆ, ತೆಂಗಿನಕಾಯಿ, ಹುಣಿಸೆ, ಸೌದೆ. ಯಾರಲ್ಲಿ ಏನಿತ್ತೋ ಅದು. ಶಿವರಾತ್ರಿಯ ಜಾತ್ರೆಗೆ ಬರುವ ಗಾಡಿಗಳಲ್ಲಿ ಹರಕೆಯ ಜೊತೆಗೆ ಧಾನ್ಯವೂ ಬರುತ್ತಿತ್ತು. ಹೀಗೆ ಕೊಟ್ಟವರಲ್ಲಿ ಬಹುಮಂದಿ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸಿದವರಲ್ಲ, ತಾವು ಅಕ್ಷರ ಕಲಿತವರೂ ಅಲ್ಲ. ತಮ್ಮ ರಾಗಿ ಯಾವ ಹುಡುಗನ ಹೊಟ್ಟೆಗೆ ಹೋಯಿತು, ಆತ ಮುಂದೆ ಡಾಕ್ಟರಾದನೋ ಮೇಷ್ಟರಾದನೋ ಎಂಬುದು ಅವರಿಗೆ ತಿಳಿಯಲಿಲ್ಲ. ಹುಡುಗನಿಗೂ ಅವರ ಹೆಸರು ತಿಳಿಯಲಿಲ್ಲ. ಕೊಟ್ಟವನಿಗೆ ಪಡೆದವನು ಅಜ್ಞಾತ, ಪಡೆದವನಿಗೆ ಕೊಟ್ಟವನು ಅಜ್ಞಾತ. ದಾಸೋಹದ ಶುದ್ಧ ರೂಪವನ್ನು ಗ್ರಂಥಗಳಲ್ಲಿ ವಿವರಿಸುವವರು ತುಮಕೂರು ಸೀಮೆಯ ಈ ಮೂಟೆಗಳನ್ನು ಕಣ್ಣ ಮುಂದಿಟ್ಟುಕೊಂಡರೆ ವಿವರಣೆ ಸುಲಭವಾದೀತು.

ಉತ್ತರ ಕರ್ನಾಟಕದಲ್ಲಿ ಇದೇ ಋಣ ಇನ್ನೊಂದು ದಾರಿ ಹಿಡಿಯಿತು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಶಿರಸಂಗಿ ದೇಸಗತಿಗೆ ದತ್ತು ಬಂದ ತ್ಯಾಗವೀರ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ಉಯಿಲಿನ ಮೂಲಕ ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾಭ್ಯಾಸಕ್ಕೆ ಬಿಟ್ಟರು. ಆ ನಿಧಿಯ ವೇತನದಿಂದ ಓದಿದವರ ತಲೆಮಾರುಗಳೇ ಇವೆ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಪದವೀಧರರು ಒಂದು ಶಾಲೆಯನ್ನು ತೆರೆದರು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಮೂಲ ಅದು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಎಚ್. ಎಫ್. ಕಟ್ಟೀಮನಿ ಮೊದಲಾದ ಈ ಏಳು ಮಂದಿಯನ್ನು ನಾಡು ಸಪ್ತರ್ಷಿಗಳೆಂದು ಕರೆಯಿತು. ಪುಣೆಯ ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರ ಆದರ್ಶವನ್ನು ಮುಂದಿಟ್ಟುಕೊಂಡು, ದೊಡ್ಡ ಹುದ್ದೆಗಳ ಆಸೆ ಬಿಟ್ಟು ಅಲ್ಪ ವೇತನಕ್ಕೆ ಅವರು ಪಾಠಕ್ಕೆ ನಿಂತರು. ಶಾಲೆಗೆ ದಾನಿಗಳಾದ ಗಿಲಗಂಚಿ ಮತ್ತು ಅರಟಾಳ ಮನೆತನಗಳ ಹೆಸರು ಬಂತು. 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರು. ಸಾಹಿತ್ಯದ ವಿದ್ಯಾರ್ಥಿಗಳು ಇನ್ನೊಂದನ್ನೂ ಗಮನಿಸಬೇಕು. 1944ರ ರಬಕವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಬಸವನಾಳರು ಬಸವಣ್ಣನವರ ವಚನಗಳನ್ನು ಪರಿಷ್ಕರಿಸಿದವರಲ್ಲಿ ಪ್ರಮುಖರು. ಓಲೆಗರಿಗಳಲ್ಲಿ ಮರೆಯಾಗಿದ್ದ ಪೂರ್ವಿಕರ ವಾಣಿಯನ್ನು ಶುದ್ಧಪಾಠದಲ್ಲಿ ಮುಂದಿನವರ ಕೈಗಿಡುವುದೂ ಋಣ ತೀರಿಸುವ ಒಂದು ಬಗೆಯೇ. ಅದಕ್ಕೆ ಅಡಿಗೆಮನೆ ಬೇಡ, ಅಷ್ಟೇ ವ್ಯತ್ಯಾಸ.

ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳವರು ನಡೆಸಿದ ಪ್ರಸಾದನಿಲಯ, ಮೈಸೂರಿನಲ್ಲಿ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಬೆಳೆಸಿದ ವಿದ್ಯಾರ್ಥಿನಿಲಯ ಮತ್ತು 1954ರಲ್ಲಿ ಅವರು ಸ್ಥಾಪಿಸಿದ ವಿದ್ಯಾಪೀಠ ಇವೆಲ್ಲ ಈ ಪರಂಪರೆಯ ಕವಲುಗಳು.

ಪ್ರಶಂಸೆಯ ಜೊತೆಗೆ ಒಂದು ಸತ್ಯವನ್ನೂ ಹೇಳಬೇಕು. ಆರಂಭದ ಬಹುಪಾಲು ನಿಲಯಗಳು ಒಂದೊಂದು ಸಮುದಾಯದ ಮಕ್ಕಳಿಗೆ ಮಾತ್ರ ಮೀಸಲಾಗಿದ್ದವು. ವೀರಶೈವರ ನಿಲಯಗಳೂ ಇದಕ್ಕೆ ಹೊರತಲ್ಲ. ಕಾಲದ ಸ್ಥಿತಿ ಹಾಗಿತ್ತೆಂಬ ಸಮಾಧಾನವಿದೆ. ಆದರೆ ಕಲ್ಯಾಣದ ಮಹಾಮನೆಯನ್ನು ಆದರ್ಶವೆಂದು ಹೇಳಿಕೊಂಡವರಿಗೆ ಆ ಸಮಾಧಾನ ಪೂರ್ತಿ ಸಾಲದು. ಹೆಣ್ಣುಮಕ್ಕಳಿಗೆ ನಿಲಯಗಳು ಬಂದುದು ಇನ್ನೂ ತಡವಾಗಿ. ಅಣ್ಣನನ್ನು ಪಟ್ಟಣದ ನಿಲಯಕ್ಕೆ ಕಳುಹಿಸಿ, ಅವನ ಪಾಲಿನ ಮನೆಗೆಲಸವನ್ನೂ ತಾನೇ ಮಾಡಿದ ತಂಗಿಯ ಹೆಸರು ಯಾವ ಬೀಳ್ಕೊಡುಗೆಯ ಭಾಷಣದಲ್ಲಿಯೂ ಬರಲಿಲ್ಲ. ಸಿದ್ಧಗಂಗೆಯ ಹಿರಿಮೆಯಿರುವುದು ಈ ಹಿನ್ನೆಲೆಯಲ್ಲಿ. ಜಾತಿಮತಗಳ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಅಲ್ಲಿ ಒಂದೇ ಪಂಕ್ತಿ, ಒಂದೇ ಪ್ರಾರ್ಥನೆ, ಒಂದೇ ಮುದ್ದೆ ಎಂಬುದು ಸ್ಥಿರವಾಯಿತು. ವೀರಶೈವರಲ್ಲದ ರೈತರ ಮೂಟೆಗಳೂ ಆ ಉಗ್ರಾಣಕ್ಕೆ ಬಂದವೆಂಬುದನ್ನು ನೆನೆದರೆ ಇದು ಔದಾರ್ಯವಷ್ಟೇ ಅಲ್ಲ, ನ್ಯಾಯವೂ ಹೌದು. ಶ್ರೀಗಳವರ ಕೊನೆಯ ದಶಕಗಳಲ್ಲಿ ಅಲ್ಲಿ ಒಂದೇ ಕಾಲಕ್ಕೆ ಎಂಟು ಸಾವಿರಕ್ಕೂ ಮಿಗಿಲಾದ ಮಕ್ಕಳಿದ್ದರು.

ಈ ಇತಿಹಾಸವನ್ನು ಬಲ್ಲವರಿಗೆ ವರ್ಷಾಂತ್ಯದ ಬೀಳ್ಕೊಡುಗೆ ಸಮಾರಂಭಗಳು ಸ್ವಲ್ಪ ಬೇರೆಯಾಗಿಯೇ ಕಾಣುತ್ತವೆ. ಕೊಡಗಿನ ಶಾಲೆಯಾಗಲಿ ಬಯಲುಸೀಮೆಯ ಶಾಲೆಯಾಗಲಿ, ಕ್ರಮ ಒಂದೇ. ವೇದಿಕೆಯ ಮೇಲೆ ಮುಖ್ಯೋಪಾಧ್ಯಾಯರು, ಆಡಳಿತ ಮಂಡಲಿಯ ಅಧ್ಯಕ್ಷರು, ಮುಖ್ಯ ಅತಿಥಿಗಳು. ಹಾರ, ಹಣ್ಣು, ಭಾಷಣ. ಚುರುಕಾದ ಒಬ್ಬ ವಿದ್ಯಾರ್ಥಿ ಎಲ್ಲರ ಪರವಾಗಿ ವಂದನೆ ಸಲ್ಲಿಸುತ್ತಾನೆ. ಕಣ್ಣಲ್ಲಿ ನೀರೂ ಬರುತ್ತದೆ, ಅದು ಕಪಟವಲ್ಲ. ಆದರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸಿದವನು ಆ ಹೊತ್ತಿನಲ್ಲಿಯೂ ಒಲೆಯ ಮುಂದೆಯೇ ಇರುತ್ತಾನೆ, ಏಕೆಂದರೆ ಸಮಾರಂಭದ ಊಟ ಸಿದ್ಧವಾಗಬೇಕು. ಶುಲ್ಕ ಕಟ್ಟಲು ಗುಮಾಸ್ತ ಕೊಟ್ಟ ಎರಡು ದಿನದ ವಾಯಿದೆ, ಹಳೆಯ ವಿದ್ಯಾರ್ಥಿ ಬಿಟ್ಟುಹೋದ ಪುಸ್ತಕಗಳು, ಜ್ವರ ಬಂದಾಗ ಗಂಜಿ ತಂದುಕೊಟ್ಟ ನೆರೆಮನೆಯ ಅಜ್ಜಿ ಇವುಗಳಿಗೆ ವೇದಿಕೆಯ ಮೇಲೆ ಕುರ್ಚಿಯಿಲ್ಲ. ಹಳೆಯ ಪ್ರಸಾದನಿಲಯಗಳಲ್ಲಿ ಇದಕ್ಕೊಂದು ತಿದ್ದುಪಡಿ ತಾನಾಗಿ ನಡೆಯುತ್ತಿತ್ತು. ಅಲ್ಲಿ ಬಡಿಸುವ ಸರದಿ, ಸೊಪ್ಪು ಸೋಸುವ ಸರದಿ, ಅಂಗಳ ಗುಡಿಸುವ ಸರದಿ ಎಲ್ಲ ವಿದ್ಯಾರ್ಥಿಗಳದೇ. ನೂರು ಮಂದಿಗೆ ಬಡಿಸಿ ಕೊನೆಗೆ ತಾನು ಉಂಡ ಹುಡುಗನಿಗೆ ಅಡಿಗೆಯವನ ಶ್ರಮವನ್ನು ಯಾರೂ ಭಾಷಣ ಮಾಡಿ ತಿಳಿಸಬೇಕಾಗಿರಲಿಲ್ಲ. ಬೇಸಗೆ ರಜೆಗೆ ಟ್ರಂಕು ಹೊತ್ತು ಹೊರಡುವ ದಿನ ಆತ ಮೊದಲು ಅಡಿಗೆಮನೆಯ ಕಡೆಗೇ ನಡೆಯುತ್ತಿದ್ದ.

ಬಿಟ್ಟಂಗಾಲದ ಬಾಲಕ ಈಗ ಪದವಿಗಾಗಿ ಮಂಗಳೂರಿಗೋ ಮದ್ರಾಸಿಗೋ ಹೋಗಲೇಬೇಕೆಂದಿಲ್ಲ. 1956ರಲ್ಲಿ ಕೊಡಗು ಕನ್ನಡ ನಾಡಿನೊಡನೆ ಒಂದಾದ ಮೇಲೆ ಶಾಲಾಕಾಲೇಜುಗಳು ಹತ್ತಿರಕ್ಕೇ ಬಂದವು. ವಿರಾಜಪೇಟೆ ತಾಲ್ಲೂಕಿನ ಅರಮೇರಿ ಕಳಂಚೇರಿ ಮಠದಂತಹ ಧರ್ಮಸ್ಥಾನಗಳೂ ವಿದ್ಯೆಯ ಕೆಲಸಕ್ಕೆ ಕೈಹಾಕಿದವು. ದೂರ ಕಡಿಮೆಯಾದಂತೆ ಋಣ ಕಡಿಮೆಯಾಯಿತೆಂದು ತಿಳಿಯಲು ಕಾರಣವಿಲ್ಲ. ಅದನ್ನು ಗುರುತಿಸುವ ಕೆಲಸ ಮಾತ್ರ ಸ್ವಲ್ಪ ಕಠಿಣವಾಗಿದೆ. ಶುಲ್ಕ ಕೊಟ್ಟು ರಸೀದಿ ಪಡೆದವನಿಗೆ ಲೆಕ್ಕ ಚುಕ್ತವಾಯಿತೆಂಬ ಭಾವನೆ ಬೇಗ ಬರುತ್ತದೆ.

2019ರ ಜನವರಿ 21ರಂದು, ನಡುಹಗಲಿಗೆ ಸ್ವಲ್ಪ ಮುಂಚೆ, ಶ್ರೀ ಶಿವಕುಮಾರ ಸ್ವಾಮಿಗಳವರು ಲಿಂಗೈಕ್ಯರಾದರು. ದೀಕ್ಷೆಯಾಗಿ ಎಂಬತ್ತೆಂಟು ವರ್ಷಗಳು ಕಳೆದಿದ್ದವು. ಮಠದ ಮಕ್ಕಳ ಮಧ್ಯಾಹ್ನದ ಊಟದ ಹೊತ್ತು ಅದು. ಸುದ್ದಿ ತಿಳಿದರೆ ಮಕ್ಕಳು ಉಣ್ಣುವುದಿಲ್ಲವೆಂದು, ಶ್ರೀಗಳವರ ಇಚ್ಛೆಯಂತೆ ಅದನ್ನು ತಡೆಹಿಡಿಯಲಾಯಿತು. ಪಂಕ್ತಿ ಕುಳಿತಿತು, ಬಡಿಸಿದರು, ಮಕ್ಕಳು ಉಂಡು ಎದ್ದು ಕೈತೊಳೆದುಕೊಂಡರು. ಆಮೇಲೆ ಲೋಕಕ್ಕೆ ತಿಳಿಸಿದರು.